ಐದು ದಿನದ ರೊಟೀನ್ ಬೇಡ, ಎರಡು ದಿನ ಸಾಕು

ಪ್ರಶ್ನೆ: ನನಗೆ 43 ವರ್ಷ, ತೂಕ 62 ಕೆಜಿ. ಬ್ಯಾಂಕಿನಲ್ಲಿ ಕೆಲಸ. ಭಾರ ಎತ್ತುವ ವ್ಯಾಯಾಮ ಶುರು ಮಾಡಬೇಕೆಂದು ಜಿಮ್ಮಿಗೆ ದುಡ್ಡು ಕಟ್ಟಿದ್ದೇನೆ. ಮಗ ಆ್ಯಪ್ ನೋಡಿ ಐದು ದಿನದ ರೊಟೀನ್ ಬರೆದುಕೊಟ್ಟಿದ್ದಾನೆ: ಒಂದು ದಿನ ಎದೆ, ಒಂದು ದಿನ ಬೆನ್ನು, ಹೀಗೆ. ಸಹೋದ್ಯೋಗಿಯೊಬ್ಬರು ರಾಡ್ ಹಿಡಿದು ಐದೈದು ಸಲದ ಐದು ಸೆಟ್ ಮಾಡಿ ಅನ್ನುತ್ತಾರೆ. ಯಾವುದು ಸರಿ? ಮನೆಕೆಲಸ ಮುಗಿಸಿ ಹೋಗೋಣ ಅಂದರೆ ಅದು ಮುಗಿಯುವುದೇ ಇಲ್ಲ. ಕೂತು ಏಳುವಾಗ ಮಂಡಿ ಬೇರೆ ಕಟಕಟ ಅನ್ನುತ್ತದೆ. ಮೊಟ್ಟೆ ತಿನ್ನುವುದಿಲ್ಲ, ಪ್ರೋಟೀನ್ ಪುಡಿ ಬೇಕಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಗನ ಚೀಟಿ ಅವನಿಗೇ ಇರಲಿ. ಐದು ದಿನ ಹೋಗುವವರಿಗೆ ಅದು ಸರಿ. ಬುಧವಾರ ಕಾಲಿನ ದಿನ, ಅವತ್ತೇ ನಿಮ್ಮ ಬ್ಯಾಂಕಿಗೆ ಆಡಿಟ್ ಬಂದು ಜಿಮ್ ತಪ್ಪಿತು ಅಂದುಕೊಳ್ಳಿ. ಆ ವಾರ ಕಾಲಿಗೆ ಕೆಲಸವೇ ಇಲ್ಲ. ಅದರ ಬದಲು ಪ್ರತಿ ಸಲವೂ ಇಡೀ ಮೈಗೆ ಕೆಲಸ ಕೊಟ್ಟರೆ ಒಂದು ದಿನ ತಪ್ಪಿದರೂ ಯಾವ ಭಾಗವೂ ಉಪವಾಸ ಬೀಳುವುದಿಲ್ಲ. ನಮ್ಮ ಮೈಸೂರಿನ ಗರಡಿಗಳಲ್ಲೂ ‘ಇವತ್ತು ತೋಳು, ನಾಳೆ ಎದೆ’ ಅಂತ ಹಂಚುತ್ತಿರಲಿಲ್ಲ. ದಂಡ ಹೊಡಿ, ಬಸ್ಕಿ ಹೊಡಿ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಸ್ನಾಯುಗಳ ವ್ಯಾಯಾಮಕ್ಕೆ ವಾರಕ್ಕೆ ಕನಿಷ್ಠ 2 ದಿನ ಅನ್ನುತ್ತದೆ. ಅಲ್ಲಿಂದಲೇ ಶುರು ಮಾಡಿ.

ಸಹೋದ್ಯೋಗಿ ಹೇಳಿದ್ದು ತಪ್ಪಲ್ಲ, ಆದರೆ ಈಗಲೇ ಬೇಡ. ಉದ್ದದ ದೊಡ್ಡ ರಾಡ್ ಖಾಲಿ ಇದ್ದರೂ 20 ಕೆಜಿ. ಅದನ್ನು ತಲೆಯ ಮೇಲೆ ಎತ್ತುವುದು ಹೊಸಬರಿಗೆ, ಅದರಲ್ಲೂ ಹೆಂಗಸರಿಗೆ, ಮೊದಲ ದಿನವೇ ಆಗುವ ಕೆಲಸವಲ್ಲ. ಡಂಬೆಲ್ ಹಿಡಿಯಿರಿ. ಅದನ್ನು ಎದೆಗವಚಿಕೊಂಡು ಬೆಂಚಿನ ಮೇಲೆ ಕೂತು ಏಳಿ. ಆಮೇಲೆ ಎರಡೂ ಕೈಯಲ್ಲಿ ಡಂಬೆಲ್ ಹಿಡಿದು, ಮಂಡಿ ತುಸು ಸಡಿಲ ಬಿಟ್ಟು, ಸೊಂಟ ಹಿಂದಕ್ಕೆ ತಳ್ಳಿ ಬಾಗಿ ಎದ್ದು ನಿಲ್ಲಿ. ಬೆನ್ನು ಗೂನಾಗಬಾರದು. ಇದೊಂದನ್ನು ಟ್ರೈನರ್ ಎದುರಿಗೇ ಮಾಡಿ, ಅವರು ಫೋನ್ ನೋಡುತ್ತಿದ್ದರೆ ಕರೆದು ನಿಲ್ಲಿಸಿಕೊಳ್ಳಿ. ಬೆಂಚಿಗೆ ಕೈಯೂರಿ ದಂಡ. ಲ್ಯಾಟ್ ಪುಲ್‌ಡೌನ್ ಮಷಿನ್ನಿನಲ್ಲಿ ಕೂತು ಮೇಲಿನ ಹಿಡಿಯನ್ನು ಎದೆಯ ಕಡೆಗೆ ಎಳೆಯುವುದು. ಕೊನೆಗೆ ಸಂತೆಯಿಂದ ಚೀಲ ಹೊತ್ತು ಬಂದ ಹಾಗೆ ಎರಡು ಕೈಯಲ್ಲೂ ಭಾರ ಹಿಡಿದು ನಡಿಗೆ.

ಎತ್ತುವುದು ಒಂದು ಸೆಟ್ಟಿಗೆ, ಅಂದರೆ ನಡುವೆ ನಿಲ್ಲಿಸದ ಒಂದು ಸುತ್ತಿಗೆ, 8 ಸಲದಿಂದ ಶುರು. ಮೊದಲ ಎರಡು ವಾರ ಎರಡೇ ಸೆಟ್, ನಂತರ ಮೂರು. ಇನ್ನೆರಡು ಸಲ ಎತ್ತಬಹುದು ಅನ್ನಿಸುವಾಗಲೇ ನಿಲ್ಲಿಸಿ. ಎಲ್ಲ ಸೆಟ್ಟಿನಲ್ಲೂ 12 ಸಲ ಆರಾಮಾಗಿ ಆಯಿತೋ, ಭಾರ ಸ್ವಲ್ಪ ಜಾಸ್ತಿ ಮಾಡಿ ಮತ್ತೆ 8ಕ್ಕೆ ಬನ್ನಿ. ಇದನ್ನೊಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಲೆಕ್ಕ ಇಡುವುದನ್ನು ಬ್ಯಾಂಕಿನವರಿಗೆ ನಾನು ಹೇಳಿಕೊಡಬೇಕಾ! ಮೂರು ತಿಂಗಳು ರೊಟೀನ್ ಬದಲಿಸಬೇಡಿ.

ಮಂಡಿಯಲ್ಲಿ ನೋವು, ಊತ ಇಲ್ಲದೆ ಬರೀ ಸದ್ದಾದರೆ ಹೆದರಬೇಡಿ. ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ. ಎತ್ತುವಾಗ ಉಸಿರು ಕಟ್ಟಬೇಡಿ.

ಇನ್ನು ಸಮಯದ ವಿಷಯ. ನಿಮ್ಮ ನಿಜವಾದ ಪ್ರಶ್ನೆ ಇದೇ, ಅಲ್ವಾ? ಮನೆಗೆ ಹೋಗಿ ಆಮೇಲೆ ಜಿಮ್ಮಿಗೆ ಹೋಗುವ ಯೋಚನೆ ಬಿಡಿ. ಚಪ್ಪಲಿ ಬಿಟ್ಟ ತಕ್ಷಣ ಯಾರೋ ಕಾಫಿ ಕೇಳುತ್ತಾರೆ. ಸೋಮವಾರ, ಗುರುವಾರ ಬ್ಯಾಂಕಿನಿಂದ ನೇರ ಜಿಮ್ಮಿಗೆ, ಬಟ್ಟೆಯ ಚೀಲ ಸ್ಕೂಟರಿನಲ್ಲೇ ಇರಲಿ. ಒಟ್ಟು ಮುಕ್ಕಾಲು ಗಂಟೆ ಸಾಕು. ಆ ಎರಡು ದಿನ ಅನ್ನಕ್ಕಿಡುವುದು ಮಗನ ಕೆಲಸ. ಆ್ಯಪ್ ನೋಡಿ ರೊಟೀನ್ ಬರೆಯುವ ಹುಡುಗನಿಗೆ ಕುಕ್ಕರಿನ ಸೀಟಿ ಎಣಿಸಲು ಬರುವುದಿಲ್ಲವೇ? ಮನೆಯವರ ಅನುಮತಿ ಕೇಳಬೇಡಿ, ಬರುವುದು ತಡವಾಗುತ್ತದೆ ಅಂತ ತಿಳಿಸಿ. ಮಾರ್ಚ್ ಕೊನೆಯಲ್ಲಿ ನಿಮಗೆ ಉಸಿರಾಡಲೂ ಬಿಡುವಿರುವುದಿಲ್ಲ. ಆಗ ಒಂದೊಂದೇ ಸೆಟ್ ಮಾಡಿ ಹೊರಡಿ.

ಪುಡಿ ಈಗ ಬೇಡ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ವಯಸ್ಕರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್, ಅಂದರೆ ನಿಮಗೆ ಸುಮಾರು 51 ಗ್ರಾಂ. ಭಾರ ಎತ್ತುವವರು ಇನ್ನಷ್ಟು ತಿಂದರೆ ಒಳ್ಳೆಯದು. 30 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲೇ ಸುಮಾರು 15 ಗ್ರಾಂ ಸಿಗುತ್ತದೆ. ಬೇಳೆ, ಮೊಸರು, ಪನೀರ್ ಇದ್ದೇ ಇವೆ. ಹುರುಳಿ ಬಸ್ಸಾರು ಮಾಡಿದಾಗ ಕಟ್ಟು ಮಾತ್ರ ಅನ್ನಕ್ಕೆ ಕಲಸಿಕೊಂಡು ಏಳಬೇಡಿ. ಪ್ರೋಟೀನಿನ ಹೆಚ್ಚಿನ ಪಾಲು ಬಸಿದ ಕಾಳಿನಲ್ಲೇ ಉಳಿದಿರುತ್ತದೆ. ಅದರ ಪಲ್ಯವನ್ನು ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದಷ್ಟನ್ನು ತಿನ್ನುವುದಲ್ಲ, ಮೊದಲೇ ನಿಮ್ಮ ತಟ್ಟೆಗೆ ಒಂದು ಬಟ್ಟಲು ಹಾಕಿಕೊಳ್ಳಿ.