ಇಂಗ್ಲೆಂಡಿನಲ್ಲಿ ಟ್ರಿಬ್ಯೂಟ್ ಬ್ಯಾಂಡ್ ನೋಡೋಕೆ 22 ಪೌಂಡ್ ಕೊಡಬಹುದಾ?

ಲೀಡ್ಸ್‌ಗೆ ಹೊಸಬರು, ಇಲ್ಲಿನ ಹಳೇ ರಾಕ್ ಬ್ಯಾಂಡ್ ಜೆನೆಸಿಸ್ ಅಂದ್ರೆ ಪ್ರಾಣ, ಮನೆ ಹತ್ತಿರದ ಪಬ್ಬಿನ ಹಾಲಿಗೆ ಅವರ ಹಾಡು ನುಡಿಸೋ ಟ್ರಿಬ್ಯೂಟ್ ಬ್ಯಾಂಡ್ ಬರ್ತಿದೆ. ನಕಲಿಗೆ 22 ಪೌಂಡ್ ಯಾಕೆ, ಅಸಲಿಗೇ ಉಳಿಸಿಡಲಾ, ಅದೂ ಒಬ್ಬನೇ ಹೇಗೆ ಹೋಗೋದು ಅಂತ ಕೇಳಿದ್ದೀರಿ. 2019ರ ಅಕ್ಟೋಬರ್‌ನಲ್ಲಿ ಕವೆಂಟ್ರಿಯ ಬಾಡಿಗೆ ರೂಮಲ್ಲಿ ಕೂತು ಒಂದು ವಾರ ಇದನ್ನೇ ಯೋಚಿಸಿದವನು ನಾನು. ಕೊನೆಗೆ ಹೋದೆ.

ಬರ್ಮಿಂಗ್‌ಹ್ಯಾಮ್‌ನಿಂದ ಟ್ರಾಮ್ ಹತ್ತಿ ಬಿಲ್‌ಸ್ಟನ್‌ಗೆ. ಹೆಚ್ಚಂದ್ರೆ ಇನ್ನೂರು ಜನ ಹಿಡಿಯೋ ಹಾಲು, ಮರದ ನೆಲ, ಮೊಣಕಾಲೆತ್ತರದ ವೇದಿಕೆ. ಬಂದವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಕಂದು ಬಣ್ಣದವನು ನಾನೊಬ್ಬನೇ. ಯಾರೂ ತಿರುಗಿ ನೋಡಲಿಲ್ಲ, ಹಾಗಾಗಿ ಒಬ್ಬನೇ ಹೋಗೋದರ ಮುಜುಗರ ಅಲ್ಲಿಗೇ ಮುಗೀತು. ಅಂಥ ಕಡೆ ಅರ್ಧದಷ್ಟು ಜನ ಒಬ್ಬೊಬ್ಬರೇ ಬಂದಿರ್ತಾರೆ. ಮನೆಯವರಿಗೆ ಈ ಸಂಗೀತ ಹಿಡಿಸಿರಲ್ಲ.

ನಾನು ಎರಡನೇ ಸಾಲಿನಲ್ಲಿ ನಿಂತಿದ್ದೆ. ಗಿಟಾರಿನವನು ಸ್ಟೂಲ್ ಮೇಲೆ ಕೂತೇ ನುಡಿಸ್ತಿದ್ದ, ಆ ಕಾಲದಲ್ಲಿ ಜೆನೆಸಿಸ್‌ನ ಗಿಟಾರಿಸ್ಟ್ ಸ್ಟೀವ್ ಹ್ಯಾಕೆಟ್ ಕೂರುತ್ತಿದ್ದ ಹಾಗೆ. ಕೀಬೋರ್ಡಿನವನ ಎಡಗೈ ಮೇಲೆ ನನ್ನ ಕಣ್ಣು ನೆಟ್ಟಿತ್ತು. ಮೆಲ್ಲೋಟ್ರಾನ್ ಅನ್ನೋ ವಾದ್ಯ ನಿಮಗೆ ಗೊತ್ತಿರುತ್ತೆ: ಪ್ರತಿ ಕೀಲಿಗೂ ಒಂದೊಂದು ಟೇಪ್ ತುಂಡು, ಒತ್ತಿ ಹಿಡಿದರೆ ಸುಮಾರು 8 ಸೆಕೆಂಡ್ ನುಡಿದು ನಿಲ್ಲುತ್ತೆ. ತಯಾರಾಗ್ತಿದ್ದದ್ದೂ ಬಿಲ್‌ಸ್ಟನ್‌ನಿಂದ ಅಷ್ಟೇನೂ ದೂರವಿಲ್ಲದ ಸ್ಟ್ರೀಟ್ಲಿಯಲ್ಲಿ. ಈತನ ಹತ್ತಿರ ಇದ್ದದ್ದು ಈಗಿನ ಡಿಜಿಟಲ್ ಪೆಟ್ಟಿಗೆ, ಎಷ್ಟು ಹೊತ್ತು ಬೇಕಾದರೂ ಒತ್ತಿ ಹಿಡೀಬಹುದಿತ್ತು. ಆದರೂ ಟೇಪ್ ಮುಗಿಯೋ ಹೊತ್ತಿಗೆ ಬೆರಳೆತ್ತಿ ಮತ್ತೆ ಇಡ್ತಿದ್ದ. ಹಾಲಲ್ಲಿ ಎಷ್ಟು ಜನ ಅದನ್ನು ಗಮನಿಸಿದರೋ ಏನೋ. ನನಗೆ ಕಣ್ಣಲ್ಲಿ ನೀರು ಬಂತು.

ಈಗ ನಾನು ಮಾಡಿದ ತಪ್ಪಿಗೆ ಬರ್ತೀನಿ. ಸ್ವಲ್ಪ ಉದ್ದ ಬರೀತೀನಿ, ದಯವಿಟ್ಟು ಓದಿ.

ಟಿಕೆಟ್ ಮೇಲೆ ಏಳೂವರೆ ಅಂತಿತ್ತು. ಕಛೇರಿ ಏಳೂವರೆಗೆ ಶುರುವಾದ್ರೆ ಹತ್ತಕ್ಕೆ ಮಂಗಳ ಅಂತ ನಮ್ಮ ಶಿವಮೊಗ್ಗದ ಲೆಕ್ಕ ಹಾಕಿದೆ. ಅದು ಬಾಗಿಲು ತೆರೆಯೋ ಹೊತ್ತು ಅಷ್ಟೇ. ಬ್ಯಾಂಡ್ ವೇದಿಕೆಗೆ ಬಂದದ್ದು ಎಂಟೂಕಾಲಿಗೆ, ನಡುವೆ ಇಪ್ಪತ್ತು ನಿಮಿಷ ವಿರಾಮ. ನಾನು ಕಾದಿದ್ದ 23 ನಿಮಿಷದ ಆ ದೊಡ್ಡ ಕೃತಿ, 1972ರ ಆಲ್ಬಮ್ಮಿನ ‘ಸಪ್ಪರ್ಸ್ ರೆಡಿ’, ಶುರುವಾಗೋ ಹೊತ್ತಿಗೆ ಹತ್ತೂ ಇಪ್ಪತ್ತು. ಬರ್ಮಿಂಗ್‌ಹ್ಯಾಮ್‌ನಿಂದ ಕವೆಂಟ್ರಿಯ ಕೊನೇ ರೈಲು ಸಿಗಬೇಕಾದ್ರೆ ಹತ್ತೂ ಮೂವತ್ತೈದಕ್ಕೆ ನಾನು ಹಾಲಿಂದ ಹೊರಡಲೇಬೇಕು.

ಅಷ್ಟೇ ಆಗಿದ್ರೆ ಹೊಸಬ, ಗೊತ್ತಾಗಲಿಲ್ಲ ಅಂದುಕೊಂಡು ಮರೀತಿದ್ದೆ. ವಿರಾಮದಲ್ಲಿ ಪಕ್ಕದ ಹಿರಿಯರೊಬ್ಬರು ಮಾತಾಡಿಸಿದ್ದರು. ಎಪ್ಪತ್ತರ ಹತ್ತಿರದವರು, ಹುಡುಗನಾಗಿದ್ದಾಗ 1973ರಲ್ಲಿ ಮೂಲ ಬ್ಯಾಂಡನ್ನೇ ನೋಡಿದ್ದರಂತೆ. ನಾನು ಪದೇಪದೇ ಗಡಿಯಾರ ನೋಡೋದು ಕಂಡು, ‘ನಾನು ಸೊಲಿಹಲ್ ಕಡೆಯವನು, ಕಾರಿದೆ. ಪೂರ್ತಿ ಕೇಳಿ, ಕವೆಂಟ್ರಿಗೆ ಬಿಟ್ಟು ಹೋಗ್ತೀನಿ’ ಅಂದರು.

ನಾನು ಬೇಡ ಅಂದೆ.

ಯಾಕಂದೆ? ನಮ್ಮಲ್ಲಿ ಮೊದಲು ಬೇಡ ಅನ್ನಬೇಕು. ಯಾರ ಮನೆಗೇ ಹೋಗಲಿ, ಕಾಫಿ ಅಂದ ಕೂಡಲೇ ಬೇಡ ಅಂತೀವಿ. ಅವರು ‘ಒಂದರ್ಧ ಲೋಟ’ ಅಂತಾರೆ, ನಾವು ‘ಈಗಷ್ಟೇ ಆಯ್ತು’ ಅಂತೀವಿ. ಮೂರನೇ ಸಲಕ್ಕೆ ಲೋಟ ಕೈಯಲ್ಲಿರುತ್ತೆ. ನನ್ನ ‘ಬೇಡ’ ಆ ಮೊದಲನೇ ಬೇಡ. ಇನ್ನೊಂದು ಸಲ ಕರೆದಿದ್ರೆ ಹೂಂ ಅಂತಿದ್ದೆ. ಆ ಊರಲ್ಲಿ ಎರಡನೇ ಸಲ ಕರೆಯೋದಿಲ್ಲ. ಒಬ್ಬ ಬೇಡ ಅಂದ್ರೆ ಅವನಿಗೆ ನಿಜಕ್ಕೂ ಬೇಡ, ಒತ್ತಾಯ ಮಾಡಿದ್ರೆ ಅವನಿಗೆ ತೊಂದರೆ ಕೊಟ್ಟ ಹಾಗೆ ಅನ್ನೋದು ಅವರ ಮರ್ಯಾದೆ. ಅವರು ಮುಗುಳ್ನಕ್ಕು ತಲೆಯಾಡಿಸಿ ವೇದಿಕೆ ಕಡೆ ತಿರುಗಿದರು. ‘ನಿಜವಾಗಲೂ ಬಿಡ್ತೀರಾ ಸರ್’ ಅಂತ ನಾನೇ ಕೇಳಬಹುದಿತ್ತು. ಕೃತಿ ಶುರುವಾಗಿ ಹದಿನೈದು ನಿಮಿಷ ಆ ಮಾತು ಗಂಟಲಲ್ಲೇ ಇತ್ತು.

ಆ ಹದಿನೈದು ನಿಮಿಷದಲ್ಲಿ ಗಾಯಕ ಹೂವಿನ ಮುಖವಾಡ ತೊಟ್ಟು ಬಂದ, ಜೆನೆಸಿಸ್‌ನ ಆಗಿನ ಗಾಯಕ ಪೀಟರ್ ಗೇಬ್ರಿಯಲ್ ತೊಡುತ್ತಿದ್ದ ಥರದ್ದು. ಸ್ಪಂಜಿನ ದಳಗಳಿಗೆ ಹಾಕಿದ ಅಂಟು ಕಾಣ್ತಿತ್ತು, ಗದ್ದದ ಕೆಳಗೆ ಎಲಾಸ್ಟಿಕ್ ಚರ್ಮಕ್ಕೆ ಒತ್ತಿ ಕೆಂಪಾಗಿತ್ತು. ಆಮೇಲೆ ಕೊಳಲಿನ ತಣ್ಣಗಿನ ಒಂದು ತುಣುಕು ಬರುತ್ತಲ್ಲ, ಆಗ ಹೊರಟೆ. ಆ ಮೌನದಲ್ಲಿ ಮರದ ನೆಲ ನನ್ನ ಒಂದೊಂದು ಹೆಜ್ಜೆಗೂ ಕಿರುಗುಟ್ಟಿತು. ಹೊರಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಒಂಬತ್ತು ಎಣಿಕೆಯ ತಾಳದ ಭಾಗ ಶುರುವಾಯ್ತು. ಚಿಕ್ಕಂದಿನಲ್ಲಿ ಮೃದಂಗ ಕಲಿತ ಕೈ, ತಾನಾಗೇ ತೊಡೆ ಮೇಲೆ ಲೆಕ್ಕ ಹಾಕಿತು: ತಕಿಟ ತಕ ತಕದಿಮಿ, ತಕಿಟ ತಕ ತಕದಿಮಿ. ಬೇಸ್ ಆ ಒಂಬತ್ತನ್ನೇ ಬಿಡದೆ ಹಿಡಿದಿರುತ್ತೆ, ಆರ್ಗನ್ ಅದರ ಮೇಲೆ ಬೇರೆಯದೇ ನಡೆಯಲ್ಲಿ ಓಡುತ್ತೆ. ಈ ಸಂಗೀತ ನನಗೆ ಹಿಡಿಸಿದ್ದೇ ಆ ಜಾಗದಿಂದ. ಗೋಡೆಯಾಚೆಗೆ ಬಂದದ್ದು ಬೇಸಿನ ಗುದ್ದು ಮಾತ್ರ. ಆರ್ಗನ್ ಒಂದು ಸ್ವರವೂ ಕೇಳಲಿಲ್ಲ. ಟ್ರಾಮ್ ನಿಲ್ದಾಣದ ತನಕ ತೊಡೆ ತಟ್ಟಿಕೊಂಡೇ ನಡೆದೆ.

ಮುಂದಿನ ವರ್ಷ ಮತ್ತೆ ಬರ್ತಾರಲ್ಲ ಅಂದುಕೊಂಡಿದ್ದೆ. 2020ರ ಮಾರ್ಚ್‌ನಲ್ಲಿ ಹಾಲುಗಳೆಲ್ಲ ಮುಚ್ಚಿದವು. ತೆರೆಯೋ ಹೊತ್ತಿಗೆ ಆ ಐದು ಜನ ಬ್ಯಾಂಡ್ ಬಿಟ್ಟಿದ್ದರು. ಆಮೇಲೆ ಬೇರೆ ಬ್ಯಾಂಡುಗಳನ್ನು ನೋಡಿದ್ದೀನಿ, ಆ ಕೃತಿಯನ್ನು ಇಡಿಯಾಗಿ ನುಡಿಸಿದವರು ಸಿಕ್ಕಿಲ್ಲ.

ಇನ್ನು ನಿಮ್ಮ ‘ನಕಲು’. ಆ ಮಾತನ್ನು ನಾನು ಒಪ್ಪಲ್ಲ. ಒಂದೇ ಪ್ರಸಂಗವನ್ನು ಇನ್ನೊಂದು ಮೇಳ ಆಡಿದ್ರೆ ನಕಲು ಅಂತೀವಾ? ದಾಸರ ಪದ ಹಾಡುವವರನ್ನು ಪುರಂದರದಾಸರ ನಕಲು ಅಂತೀವಾ? ಬರೆದಿಟ್ಟ ಕೃತಿ ನುಡಿಸುವವರಿಲ್ಲದೆ ಬದುಕಲ್ಲ. ಮಾಂಟ್ರಿಯಲ್‌ನ ‘ದಿ ಮ್ಯೂಸಿಕಲ್ ಬಾಕ್ಸ್’ 1993ರಿಂದ ಜೆನೆಸಿಸ್‌ನ ಹಳೇ ಪ್ರದರ್ಶನಗಳನ್ನು ವೇಷ, ಸ್ಲೈಡುಗಳ ಸಮೇತ ಕಟ್ಟಿ ಆಡ್ತಿದೆ. ಅಪ್ಪ ಆ ಕಾಲದಲ್ಲಿ ಏನು ಮಾಡ್ತಿದ್ದ ಅಂತ ತೋರಿಸೋಕೆ ಗೇಬ್ರಿಯಲ್ ತನ್ನ ಮಕ್ಕಳನ್ನೇ ಆ ತಂಡದ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದ.

ಅಸಲಿಗೆ ಉಳಿಸಿಡ್ತೀನಿ ಅಂದ್ರಲ್ಲ, ಯಾವ ಅಸಲು? ಗೇಬ್ರಿಯಲ್ ಬಿಟ್ಟದ್ದು 1975ರಲ್ಲಿ. ಉಳಿದವರ ಕೊನೇ ಪ್ರದರ್ಶನ 2022ರ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ ಆಗಿಹೋಯ್ತು. ಹ್ಯಾಕೆಟ್ ತನ್ನ ತಂಡದ ಜೊತೆ ಆ ಹಳೇ ಕೃತಿಗಳನ್ನು ನುಡಿಸ್ತಾನೆ, ಸಿಕ್ಕರೆ ಅದನ್ನೂ ನೋಡಿ. ಆದ್ರೆ ಅದು ದೊಡ್ಡ ಥಿಯೇಟರ್, ಬೆರಳು ಎತ್ತಿಟ್ಟದ್ದು ಅಲ್ಲಿಂದ ಕಾಣಲ್ಲ.

ಇವತ್ತೇ ಟಿಕೆಟ್ ತಗೊಳ್ಳಿ. ಬ್ಯಾಂಡ್ ವೇದಿಕೆಗೆ ಬರೋದು ಎಷ್ಟಕ್ಕೆ, ಮುಗಿಸೋದು ಎಷ್ಟಕ್ಕೆ ಅಂತ ಹಾಲಿನವರಿಗೆ ಫೋನ್ ಮಾಡಿ ಕೇಳಿ. ಟ್ಯಾಕ್ಸಿಗೆ ಅಂತ ದುಡ್ಡು ಬೇರೆ ಇಟ್ಟುಕೊಳ್ಳಿ. ಯಾರಾದರೂ ಮನೆಗೆ ಬಿಡ್ತೀನಿ ಅಂದ್ರೆ ಮೊದಲನೇ ಸಲಕ್ಕೇ ಹೂಂ ಅನ್ನಿ. ಮತ್ತೆ ಅವರು ಆ ಕೃತಿಯನ್ನು ಪೂರ್ತಿ ನುಡಿಸಿದ್ರೆ, ಒಂಬತ್ತರ ಮೇಲೆ ಆರ್ಗನ್ ಹೇಗೆ ಬಂತು ಅಂತ ಇಲ್ಲೇ ಕೆಳಗೆ ಬರೀರಿ. ಹಾಲಿನೊಳಗೆ ನಿಂತು ಕೇಳಿದವರ ಬಾಯಿಂದ ನನಗದು ತಿಳೀಬೇಕು.