ಕ್ರಿಸ್‌ಮಸ್ ಕಿಟಕಿಯ ಗೊಂಬೆಗಳು ಆಡುವುದು ಹೇಗೆ?

ನೀವು ಕೇಳಿರುವುದು ಎರಡು ವಿಷಯ. ನ್ಯೂಯಾರ್ಕಿನ ದೊಡ್ಡ ಅಂಗಡಿಗಳು ಬೀದಿಗೆ ಮುಖಮಾಡಿದ ಗಾಜಿನ ಕಿಟಕಿಗಳಲ್ಲಿ ಆಡುವ ಗೊಂಬೆಗಳ ಕ್ರಿಸ್‌ಮಸ್ ದೃಶ್ಯಗಳನ್ನು ತೋರಿಸುತ್ತವೆ; ಅವನ್ನು ಯಾರ ಕಣ್ಣಿಗೂ ಬೀಳದಂತೆ ಎಲ್ಲಿ ಕಟ್ಟುತ್ತವೆ? ಆ ಗೊಂಬೆಗಳು ವಾರಗಟ್ಟಲೆ ನಿಲ್ಲದೆ ಹೇಗೆ ಆಡುತ್ತವೆ?

ಸಾಮಾನ್ಯವಾಗಿ ಗಾಜಿಗೆ ಒಳಗಿಂದ ಕಾಗದ ಅಂಟಿಸಿಯೋ ಪರದೆ ಎಳೆದೋ ಅಲ್ಲೇ ಜೋಡಿಸುತ್ತಾರೆ. ಲಾರ್ಡ್ ಅಂಡ್ ಟೇಲರ್ ಅಂಗಡಿಯ ದಾರಿಯೇ ಬೇರೆ ಇತ್ತು. 1914ರಲ್ಲಿ ಫಿಫ್ತ್ ಅವೆನ್ಯೂನಲ್ಲಿ ತೆರೆದ ಅದರ ಕಟ್ಟಡದಲ್ಲಿ ಕಿಟಕಿಯ ನೆಲವೇ ಹೈಡ್ರಾಲಿಕ್ ಲಿಫ್ಟ್ ಮೇಲೆ ಕೂತಿತ್ತು. ನೆಲಮಾಳಿಗೆಯಲ್ಲಿ ದೃಶ್ಯ ಸಿದ್ಧಮಾಡಿ, ಬೀದಿಯ ಮಟ್ಟಕ್ಕೆ ಎತ್ತುತ್ತಿದ್ದರು. 1938ರಲ್ಲಿ ಮಾರುವ ಸರಕು ಒಂದನ್ನೂ ಇಡದೆ, ತೂಗಾಡುವ ಗಂಟೆಗಳನ್ನಷ್ಟೇ ತೋರಿಸಿದ ಧೈರ್ಯವೂ ಅದರದೇ. ಆ ಮಳಿಗೆ 2019ರಲ್ಲಿ ಮುಚ್ಚಿದ್ದು ಈ ಕಸುಬಿಗೆ ದೊಡ್ಡ ನಷ್ಟ ಎಂದೇ ನನ್ನ ಭಾವನೆ.

ಇನ್ನು ಗೊಂಬೆ. ಕೈ ಆಡಿಸಲು ನಿಮಿಷಕ್ಕೆ 4ರಿಂದ 6 ಸುತ್ತು ತಿರುಗುವ ಗೇರ್ ಮೋಟಾರ್ (ಹಲ್ಲುಚಕ್ರಗಳಿಂದ ವೇಗ ಇಳಿಸಿದ ಮೋಟಾರ್) ಸಾಕು. ಅದರ ಚಕ್ರದ ನಡುವಿನಿಂದ 2 ಸೆಂ.ಮೀ. ದೂರದಲ್ಲಿ ಒಂದು ಉಕ್ಕಿನ ಕಡ್ಡಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ತೋಳಿನ ಕೀಲಿನಿಂದ 4 ಸೆಂ.ಮೀ. ಆಚೆ ಕಟ್ಟಿದರೆ ತೋಳು ಸುಮಾರು 60 ಡಿಗ್ರಿ ಬೀಸುತ್ತದೆ. ಕಡ್ಡಿಯ ಬದಲು ನೈಲಾನ್ ದಾರ ಬಳಸಬೇಡಿ. ಬರಬರುತ್ತಾ ಹಿಗ್ಗಿ, ಕೈ ಅರ್ಧಕ್ಕೇ ನಿಲ್ಲುತ್ತದೆ. ತೋಳು ಭಾರವಾಗಿದ್ದರೆ ಅದನ್ನು ಮೇಲಕ್ಕೆಳೆಯುವ ಸಣ್ಣ ಸ್ಪ್ರಿಂಗ್ ಬೇಕು, ಇಲ್ಲದಿದ್ದರೆ ಇಳಿಯುವಾಗ ದಡಕ್ಕನೆ ಬೀಳುತ್ತದೆ.

ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ 6 ಸುತ್ತು, ದಿನಕ್ಕೆ 14 ಗಂಟೆ, 40 ದಿನ ಅಂದರೆ 2 ಲಕ್ಷ ಸುತ್ತು. ಪ್ಲಾಸ್ಟಿಕ್ ಗೇರಿನ ಹಲ್ಲು ಸವೆಯುವುದು, ನಟ್ಟು ಸಡಿಲವಾಗುವುದು ಇದರಿಂದಲೇ. ಲೋಹದ ಗೇರ್, ಅದುರಿದರೂ ಸುಲಭವಾಗಿ ಸಡಿಲವಾಗದ ಲಾಕ್ ನಟ್ಟು ಹಾಕಿ. ಅಂಗಿಯ ಅಂಚು ಚಕ್ರಕ್ಕೆ ಸಿಗದಂತೆ ಒಳಗೆ ಹೊಲಿದುಬಿಡಿ. ಪ್ರತಿ ಗೊಂಬೆಗೂ ಬೇರೆ ಮೋಟಾರ್, ವೇಗದಲ್ಲೂ ತುಸು ವ್ಯತ್ಯಾಸ ಇರಲಿ. ಒಂದೇ ದಂಡಕ್ಕೆ ಒಂದೇ ಕೋನದಲ್ಲಿ ಎಲ್ಲವನ್ನೂ ಕಟ್ಟಿದರೆ ಕವಾಯತು ಮಾಡಿದ ಹಾಗೆ ಕಾಣುತ್ತದೆ.

ಹೆಚ್ಚಿನವರು ಸೋಲುವುದು ಗಾಜಿನ ಮುಂದೆ. ಹಗಲಲ್ಲಿ ಹೊರಗಿನ ಬೆಳಕು ಜಾಸ್ತಿ. ಗೊಂಬೆಗಳ ಹಿಂದೆ ಕಪ್ಪು ಬಟ್ಟೆ ಇದ್ದರೆ ಗಾಜು ಕನ್ನಡಿಯಾಗಿ, ನೋಡುವವರಿಗೆ ತಮ್ಮ ಮುಖವೇ ಕಾಣುತ್ತದೆ. ಕಣ್ಣಿನ ಮಟ್ಟದಲ್ಲಿ ತಿಳಿ ಬಣ್ಣ ಇಡಿ. ದೀಪಗಳನ್ನು ಗಾಜಿನ ಒಳಬದಿಯಲ್ಲೇ ಮೇಲೆ ಮರೆಮಾಡಿ, ಗೊಂಬೆಯ ಮುಖದ ಕಡೆಗೆ ಓರೆಯಾಗಿ ತಿರುಗಿಸಿ. ಮುಖ್ಯವಾದ ಆಟ ಹೊರಗಿನ ನೆಲದಿಂದ ಸುಮಾರು 1 ಮೀಟರ್ ಎತ್ತರದಲ್ಲಿರಲಿ. ಗಾಜಿಗೆ ಮೂಗು ಒತ್ತಿ ನಿಲ್ಲುವ ಮಕ್ಕಳ ಕಣ್ಣು ಇರುವುದು ಅಲ್ಲೇ.