ಫಿಸಿಕ್ಸ್ ಪುಸ್ತಕದೊಳಗಿದ್ದ ನೋಟ್‌ಬುಕ್

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಚಿನ್ಮಯಿಗೆ 17 ವರ್ಷ. ಬಯಲುಸೀಮೆಯ ಒಂದು ತಾಲ್ಲೂಕು ಪಟ್ಟಣದಲ್ಲಿ ದ್ವಿತೀಯ ಪಿಯುಸಿ, ಪಿಸಿಎಂಬಿ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದವಳು, ಈಗ ಫಿಸಿಕ್ಸ್‌ನಲ್ಲಿ ಪಾಸಾಗುವುದೇ ಕಷ್ಟ. ಒಂದು ತಿಂಗಳಿಂದ ಮನೆಯಲ್ಲಿ ಮಾತಿಲ್ಲ. ಊಟದ ಡಬ್ಬಿ ಕಾಲೇಜಿನಿಂದ ಹಾಗೇ ವಾಪಸ್ ಬರುತ್ತದೆ. ಆಪ್ತಸಲಹೆಗೆಂದು ಅಪ್ಪ ಅಮ್ಮ ಅವಳನ್ನು ನನ್ನ ಬಳಿ ಕರೆತಂದಿದ್ದರು.

ಅಪ್ಪ ಚೀಲದಿಂದ ಒಂದು ದಪ್ಪ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. “ಇದೇ ಮೇಡಂ ಎಲ್ಲಕ್ಕೂ ಕಾರಣ. ಫಿಸಿಕ್ಸ್ ಪುಸ್ತಕದೊಳಗೆ ಇಟ್ಕೊಂಡು ರಾತ್ರಿ ಒಂದು ಗಂಟೆವರೆಗೂ ಬರೀತಾಳೆ. ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಶಾಸನದ ಕಲ್ಲು ಓದಿದ್ರೆ ಹೊಟ್ಟೆ ತುಂಬುತ್ತಾ?”

ಅವಳನ್ನು ಕೇಳಿಯೇ ನಾನು ಆ ಪುಸ್ತಕ ತೆರೆದೆ. ಒಂದು ಪುಟದ ತುಂಬ ‘ಕ’ ಅಕ್ಷರ. ಮೇಲ್ಗಡೆ ಅಶೋಕನ ಕಾಲದ ಬ್ರಾಹ್ಮಿಯ ‘ಕ’, ನೋಡಿದರೆ ಕೂಡಿಸುವ ಗುರುತಿನ ಹಾಗೇ ಇದೆ. ಅದರ ಕೆಳಗೆ ಕದಂಬರದು, ಬಾದಾಮಿ ಚಾಲುಕ್ಯರದು, ಹೊಯ್ಸಳರದು. ಸಾಲಿನಿಂದ ಸಾಲಿಗೆ ಅದು ದುಂಡಗಾಗುತ್ತಾ ಬಂದು ಕೊನೆಗೆ ನಮ್ಮ ‘ಕ’ ಆಗಿತ್ತು. ಇನ್ನೊಂದು ಪುಟದಲ್ಲಿ ಪಟ್ಟಿ. ಹುಲಿ: ಹಳಗನ್ನಡ ಪುಲಿ, ತಮಿಳು ಪುಲಿ, ತುಳು ಪಿಲಿ. ಹಾಲು: ಹಳಗನ್ನಡ ಪಾಲ್, ತಮಿಳು ಪಾಲ್, ತೆಲುಗು ಪಾಲು. ತುಳುವಿನ ಜಾಗ ಖಾಲಿ ಬಿಟ್ಟಿದ್ದಳು.

ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ, “ಈ ಪಕಾರ ಯಾಕೆ ಹಕಾರ ಆಯ್ತು?” ಎಂದು ಕೇಳಿದೆ, ಅಷ್ಟೇ. ಇಪ್ಪತ್ತು ನಿಮಿಷ ಬಿಡದೆ ಮಾತಾಡಿದಳು. ಕಣ್ಣು ಹೊಳೆಯುತ್ತಿತ್ತು. ಇಂಥ ಪ್ರೀತಿ ಇರುವ ಮಗು ಎದುರಿಗೆ ಕೂತರೆ ನನಗೆ ಮನಸ್ಸು ತುಂಬಿ ಬರುತ್ತದೆ. ಇದನ್ನು ರೋಗ ಅನ್ನಲು ನಾನು ಯಾವತ್ತೂ ಒಪ್ಪಲಾರೆ.

ನಿಜವಾದ ನೋವು ಬೇರೆ ಕಡೆ ಇತ್ತು. ಗೆಳತಿಯೊಬ್ಬಳು ಬಾದಾಮಿಗೆ ಹೋಗಿಬಂದು ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿ, ‘ಹೊಯ್ಸಳರ ಗುಹೆ’ ಎಂದು ಬರೆದಿದ್ದಳು. ಚಿನ್ಮಯಿ ಒಂದರ ಹಿಂದೊಂದು ಆರು ಮೆಸೇಜ್ ಕಳಿಸಿದಳು. ಅದು ಚಾಲುಕ್ಯರದು, ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನವಿದೆ, ಕ್ರಿ.ಶ. 578, ಹೊಯ್ಸಳರು ಎಷ್ಟೋ ಶತಮಾನ ಆಮೇಲೆ ಬಂದವರು. ಒಂದು ಮಾತೂ ತಪ್ಪಲ್ಲ. “ನಿನ್ನ ಪಾಠ ಸಾಕಮ್ಮಾ” ಎಂದು ಉತ್ತರ ಬಂತು. ಮಾರನೇ ದಿನ ಅವರೆಲ್ಲ ಇವಳನ್ನು ಬಿಟ್ಟು ಬೇರೆ ಗ್ರೂಪ್ ಮಾಡಿಕೊಂಡರು. ಅದೇ ವಾರ ನೋಟ್‌ಬುಕ್ಕೂ ಬೀರು ಸೇರಿತು.

ಬದುಕುವುದೇ ಬೇಡ ಅನ್ನಿಸುತ್ತದಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದಳು. ನಿದ್ದೆ ಮಾತ್ರ ಐದು ಗಂಟೆಯೂ ಇರಲಿಲ್ಲ.

“ಫೋಟೋ ಹಾಕಿದಾಗ ಅವಳು ಏನು ಹೇಳಬೇಕು ಅಂದುಕೊಂಡಿದ್ದಳು?” ಎಂದೆ. ಬಹಳ ಹೊತ್ತು ಸುಮ್ಮನಿದ್ದು, “ನಾನು ಕೇಳ್ಲೇ ಇಲ್ಲ ಅಲ್ವಾ ಮೇಡಂ” ಎಂದಳು.

ಗೊತ್ತಿರುವುದನ್ನು ಹಂಚಿಕೊಳ್ಳುವುದು ಬಿಡು ಎಂದು ನಾನು ಹೇಳಲಿಲ್ಲ. ಒಂದು ಕೆಲಸ ಕೊಟ್ಟೆ, ಆ ಖಾಲಿ ಜಾಗ ತುಂಬಿಸುವ ಕೆಲಸ. ಆದರೆ ಪುಸ್ತಕ ನೋಡುವಂತಿಲ್ಲ, ಫೋನೂ ನೋಡುವಂತಿಲ್ಲ. ಯಾರನ್ನಾದರೂ ಕೇಳಬೇಕು. ಕೇಳಿದ ಮೇಲೆ ಅವರು ಮುಗಿಸುವವರೆಗೂ ತನಗೆ ಗೊತ್ತಿರುವುದನ್ನು ಹೇಳಬಾರದು.

ಅಪ್ಪ ಅಮ್ಮನಿಗೆ ಹೇಳಿದ್ದು ಹೀಗೆ. ನೋಟ್‌ಬುಕ್ ಇವತ್ತೇ ವಾಪಸ್ ಕೊಡಿ. ರಾತ್ರಿ ಊಟದ ನಂತರ ಮುಕ್ಕಾಲು ಗಂಟೆ ಅದು ಅವಳದು, ಹತ್ತೂವರೆಗೆ ದೀಪ ಆರಬೇಕು. ಮಾರ್ಕ್ಸ್ ಬಂದರೆ ಮಾತ್ರ ಕೊಡ್ತೀವಿ ಎಂಬ ಚೌಕಾಸಿ ಬೇಡ. ಹಾಗೆ ಮಾಡಿದರೆ ಅವಳು ಮತ್ತೆ ಬಚ್ಚಿಡುತ್ತಾಳೆ, ನಿಮ್ಮಿಂದಲೂ ದೂರವಾಗುತ್ತಾಳೆ. ಅಪ್ಪನ ಪ್ರಶ್ನೆಗೂ ಉತ್ತರ ಬೇಕಿತ್ತು. ಪಿಯುಸಿ ವಿಜ್ಞಾನ ಓದಿದವರು ಮುಂದೆ ಬಿಎ ಸೇರಬಹುದು. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲೇ ಇದೆ. 1969ರಿಂದ ಭಾರತೀಯ ಭಾಷಾ ಸಂಸ್ಥಾನವೂ ಅಲ್ಲೇ ಇದೆ. 1991ರಲ್ಲಿ ಶುರುವಾದ ಹಂಪಿ ಕನ್ನಡ ವಿಶ್ವವಿದ್ಯಾಲಯವಿದೆ. ಇಂಥ ಕಡೆ ಹುದ್ದೆಗಳು ಕಡಿಮೆ ಎಂಬುದನ್ನೂ ಮುಚ್ಚಿಡಲಿಲ್ಲ. ಬಿಎಡ್ ಅಥವಾ ಅನುವಾದದ ದಾರಿ ಜೊತೆಗಿರಲಿ, ಈ ವರ್ಷ ಪಿಸಿಎಂಬಿ ಮುಗಿಸಲಿ, ತೀರ್ಮಾನ ಆಮೇಲೆ ಎಂದೆ.

ಮೂರು ವಾರ ಬಿಟ್ಟು ಬಂದಾಗ ಆ ಜಾಗದಲ್ಲಿ ‘ಪೇರ್’ ಎಂದು ಬರೆದಿತ್ತು. ಹಾಸ್ಟೆಲಿನಲ್ಲಿರುವ ಮಂಗಳೂರು ಕಡೆಯ ಸಹಪಾಠಿ ಹೇಳಿದ್ದಂತೆ. ಹಾಲಿನಿಂದ ಶುರುವಾದ ಮಾತು ಪಿಲಿವೇಷಕ್ಕೆ ಹೋಯಿತಂತೆ. ವೇಷ ಹಾಕುವ ಅಣ್ಣ, ಬಣ್ಣ ಬಳಿಯುವಾಗ ಅವನು ಎಷ್ಟು ಹೊತ್ತು ನಿಂತೇ ಇರಬೇಕು, ಬಣ್ಣ ತೆಗೆಯುವಾಗ ಚರ್ಮ ಹೇಗೆ ಉರಿಯುತ್ತದೆ. ನಾಲ್ಕು ಪುಟ ಬರೆದುಕೊಂಡಿದ್ದಳು. ಈಗ ಇಬ್ಬರೂ ಜೊತೆಗೇ ಊಟ ಮಾಡುತ್ತಾರೆ. ಹಳೆಯ ಗ್ರೂಪಿಗೆ ಇವಳನ್ನು ಇನ್ನೂ ಸೇರಿಸಿಕೊಂಡಿಲ್ಲ. ಆ ನೋವು ಇದೆ, ಅದರ ಬಗ್ಗೆ ಇನ್ನೂ ಮಾತಾಡುತ್ತಿದ್ದೇವೆ. ಫಿಸಿಕ್ಸ್ ಸ್ವಲ್ಪ ಸುಧಾರಿಸಿದೆ, ಜಾಸ್ತಿ ಏನಲ್ಲ.

ಹೊರಡುವಾಗ ಅಪ್ಪ ನನ್ನ ಹತ್ತಿರ ಹೇಳಿದರು. ಅವರ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ಇದೆಯಂತೆ, ಮೂರು ಪಟ್ಟಿಕೆಯದು. ಭಾನುವಾರ ಮಗಳನ್ನು ಕರೆದುಕೊಂಡು ಹೋಗಿ “ಏನಮ್ಮಾ ಇದು?” ಎಂದು ಕೇಳಿದರಂತೆ. ಅವಳು ತಕ್ಷಣ ಹೇಳಲಿಲ್ಲ. “ತಾತ ಏನು ಹೇಳ್ತಿದ್ರು, ಮೊದ್ಲು ನೀನು ಹೇಳಪ್ಪಾ” ಎಂದು ಪೆನ್ನು ತೆಗೆದಳಂತೆ.